ಬಾತುಕೋಳಿಯ ಯಕೃತ್ತಿನ ಧಾರಣೆ

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಜೆರ್ ಎಂಬ ಒಂದು ಜಿಲ್ಲೆಯಿದೆ. ಆ ಜಿಲ್ಲೆಯ ಸಮತಾನ್ ಎಂಬ ಚಿಕ್ಕ ಊರಿನಲ್ಲಿ ಪ್ರತಿ ಸೋಮವಾರ ಸಂತೆ ಸೇರುತ್ತದೆ. ಸಂತೆಯೆಂಬುದು ನಮಗೆ ಹೊಸ ವಿಷಯವಲ್ಲ; ಆದರೆ ಈ ಸಂತೆಯ ಒಂದು ಭಾಗ ಮಾತ್ರ ವಿಲಕ್ಷಣವಾದುದು. ದೊಡ್ಡದೊಂದು ಮಾಳಿಗೆಯೊಳಗೆ ಉದ್ದನೆಯ ಮೇಜುಗಳ ಮೇಲೆ, ಬೆಣ್ಣೆಯ ಬಣ್ಣದ ಮೃದುವಾದ ಮುದ್ದೆಗಳನ್ನು ಸಾಲಾಗಿ ಜೋಡಿಸಿಕೊಂಡು ರೈತರು ನಿಂತಿರುತ್ತಾರೆ. ಕೊಳ್ಳುವವರು ಹೊರಗೆ ಕಾದಿರುತ್ತಾರೆ. ಸಿಳ್ಳು ಊದಿದ ಮೇಲೆಯೇ ವ್ಯಾಪಾರಕ್ಕೆ ಪ್ರಾರಂಭ. ಸಿಳ್ಳಿನ ಸದ್ದು ಕೇಳಿದೊಡನೆ ಜನ ಒಳನುಗ್ಗಿ, ಮುದ್ದೆಗಳನ್ನು ನೋಡಿ, ಬೆರಳಿನಿಂದ ಒತ್ತಿ ಪರೀಕ್ಷಿಸಿ, ಧಾರಣೆ ಕೇಳಿ, ಒಪ್ಪಿಗೆಯಾದರೆ ತೂಗಿಸಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಮೇಜುಗಳು ಬರಿದಾಗುತ್ತವೆ.

ಹೀಗೆ ಮಾರಾಟವಾಗುವ ವಸ್ತು ಬಾತುಕೋಳಿಯ ಯಕೃತ್ತು. ನಮ್ಮ ಆಡುಮಾತಿನಲ್ಲಿ ಈಲಿ ಎನ್ನುವ ಅವಯವ. ಆದರೆ ಇದು ಸಾಧಾರಣವಾದ ಯಕೃತ್ತಲ್ಲ. ಹಕ್ಕಿಗೆ ಬಲವಂತವಾಗಿ ಮುಸುಕಿನ ಜೋಳವನ್ನು ಉಣಿಸಿ, ಅದರ ಯಕೃತ್ತನ್ನು ಸಹಜ ಗಾತ್ರದ ಹಲವು ಪಟ್ಟು ಬೆಳೆಯಿಸಿ ಪಡೆದದ್ದು. ಫ್ರೆಂಚ್ ಭಾಷೆಯಲ್ಲಿ ಇದಕ್ಕೆ 'ಫ್ವಾ ಗ್ರಾ', ಎಂದರೆ ಕೊಬ್ಬಿದ ಯಕೃತ್ತು, ಎಂದು ಹೆಸರು. ಆ ದೇಶದ ಹಬ್ಬದೂಟದಲ್ಲಿ ಇದಕ್ಕೆ ಅಗ್ರಸ್ಥಾನವುಂಟು.

ಭೌತಶಾಸ್ತ್ರವನ್ನು ಪಾಠ ಹೇಳುವವನಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಿಷ್ಟೆ: ಈ ಪದಾರ್ಥದ ಧಾರಣೆಯಲ್ಲಿ ಒಂದು ವೈಚಿತ್ರ್ಯವಿದೆ. ಚಿನ್ನವಾಗಲಿ ಅಕ್ಕಿಯಾಗಲಿ ತೂಕ ಹೆಚ್ಚಿದಂತೆಲ್ಲ ಬೆಲೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ವಜ್ರದ ಸಂಗತಿಯಲ್ಲಾದರೋ ಗಾತ್ರ ಹೆಚ್ಚಿದರೆ ತೂಕದ ಮಾನಕ್ಕೆ ಬೀಳುವ ಬೆಲೆಯೂ ಏರುತ್ತದೆ. ಈ ಯಕೃತ್ತಿನ ವಿಷಯದಲ್ಲಿ ಹಾಗಲ್ಲ. ಒಂದು ಮಿತಿಯವರೆಗೆ ದೊಡ್ಡದಕ್ಕೆ ಬೆಲೆ. ಆ ಮಿತಿಯನ್ನು ಮೀರಿದರೆ ದೊಡ್ಡದಾದಷ್ಟೂ ಕಿಲೋಗ್ರಾಮಿನ ಧಾರಣೆ ಕುಗ್ಗುತ್ತದೆ. ಇದಕ್ಕೆ ಕಾರಣವನ್ನು ಹುಡುಕಹೊರಟರೆ ನಾವು ಉಷ್ಣಶಾಸ್ತ್ರದ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಹಳೆಯ ಪದ್ಧತಿ, ಹೊಸ ಹಕ್ಕಿ

ಹಕ್ಕಿಗೆ ಬಲವಂತವಾಗಿ ತಿನ್ನಿಸುವ ಪದ್ಧತಿ ಬಹು ಪುರಾತನವಾದುದು. ಈಜಿಪ್ಟಿನ ಸಕ್ಕಾರದ ಗೋರಿಗಳ ಗೋಡೆಗಳಲ್ಲಿ, ಹೆಬ್ಬಾತುಗಳ ಕೊರಳು ಹಿಡಿದು ಉಂಡೆಗಳನ್ನು ನುಂಗಿಸುತ್ತಿರುವ ಆಳುಗಳ ಉಬ್ಬುಚಿತ್ರಗಳಿವೆ. ಅವು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನವು. ರೋಮನರು ಅಂಜೂರದ ಹಣ್ಣನ್ನು ತಿನ್ನಿಸಿ ಯಕೃತ್ತನ್ನು ಬೆಳೆಸುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಅಂಜೂರಕ್ಕೆ 'ಫೀಕುಸ್' ಎಂದು ಹೆಸರು. ಅಂಜೂರ ತಿಂದ ಯಕೃತ್ತು 'ಫಿಕಾತುಮ್' ಆಯಿತು. ಕಾಲಕ್ರಮದಲ್ಲಿ ಯಕೃತ್ತಿನ ಮೂಲ ಹೆಸರು ಮರೆತುಹೋಗಿ ಈ ವಿಶೇಷಣವೇ ನಾಮಪದವಾಗಿ ನಿಂತಿತು. ಇಂದು ಫ್ರೆಂಚರು ಮನುಷ್ಯನ ಯಕೃತ್ತಿಗೂ 'ಫ್ವಾ' ಎನ್ನುತ್ತಾರೆ, ಇಟಲಿಯವರು 'ಫೇಗತೊ' ಎನ್ನುತ್ತಾರೆ. ಎರಡರೊಳಗೂ ಅಂಜೂರದ ಹಣ್ಣು ಅಡಗಿದೆ. ಅಡಿಗೆಮನೆಯ ಮಾತು ವೈದ್ಯನ ಮಾತಾದ ಇಂಥ ಉದಾಹರಣೆಗಳು ಅಪರೂಪ.

ಬಲವಂತದ ಊಟದಿಂದ ಯಕೃತ್ತೇ ಏಕೆ ಬೆಳೆಯಬೇಕು? ನೀರುಹಕ್ಕಿಗಳಲ್ಲಿ ಅನೇಕವು ದೂರದ ವಲಸೆಗೆ ಹೊರಡುವ ಮುನ್ನ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ. ಹಕ್ಕಿಗಳಲ್ಲಿ ಪಿಷ್ಟ ಮತ್ತು ಸಕ್ಕರೆಗಳನ್ನು ಕೊಬ್ಬಾಗಿ ಪರಿವರ್ತಿಸುವ ಕಾರ್ಖಾನೆ ಮುಖ್ಯವಾಗಿ ಯಕೃತ್ತೇ. ಸಿದ್ಧವಾದ ಕೊಬ್ಬು ರಕ್ತದ ಮೂಲಕ ಇತರ ಭಾಗಗಳಿಗೆ ಸಾಗಿಹೋಗಬೇಕು. ಜೋಳದ ಪಿಷ್ಟವು ಸಾಗಣೆಯ ಶಕ್ತಿಯನ್ನು ಮೀರಿ ಒಳಬರುತ್ತಿದ್ದರೆ, ತಯಾರಾದ ಮಾಲು ಕಾರ್ಖಾನೆಯ ಅಂಗಳದಲ್ಲಿಯೇ ರಾಶಿಬೀಳುತ್ತದೆ. ಬಾತುಕೋಳಿಯ ಸಹಜ ಯಕೃತ್ತು 100 ಗ್ರಾಮಿಗೂ ಕಡಿಮೆ ತೂಗುತ್ತದೆ. ಈ ಕ್ರಮದಿಂದ ಅದು 500, 600 ಗ್ರಾಮುಗಳಿಗೆ ಬರುತ್ತದೆ, ಮತ್ತು ಅದರ ತೂಕದಲ್ಲಿ ಸುಮಾರು ಅರ್ಧದಷ್ಟೋ ಇನ್ನೂ ಹೆಚ್ಚೋ ಬರಿಯ ಕೊಬ್ಬಾಗಿರುತ್ತದೆ.

ಹಿಂದೆ ಈ ಕೆಲಸಕ್ಕೆ ಹೆಬ್ಬಾತನ್ನೇ ಸಾಕುತ್ತಿದ್ದರು. ಹೆಬ್ಬಾತು ಇಡುವ ಮೊಟ್ಟೆಗಳು ಕಡಮೆ, ಅವೂ ಋತುವಿಗೆ ಕಟ್ಟುಬಿದ್ದವು. ಉಣಿಸುವ ಶ್ರಮವೂ ಹೆಚ್ಚು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಸ್ಥಾನವನ್ನು 'ಮ್ಯುಲಾರ್' ಎಂಬ ಸಂಕರ ಬಾತು ಆಕ್ರಮಿಸಿತು. ಮಸ್ಕೋವಿ ಜಾತಿಯ ಗಂಡಿಗೂ ಪೀಕಿಂಗ್ ಮೊದಲಾದ ಸಾಧಾರಣ ಬಾತಿನ ಹೆಣ್ಣಿಗೂ ಹುಟ್ಟಿದ ಈ ಹಕ್ಕಿ ಹೇಸರಗತ್ತೆಯಂತೆ ಸಂತಾನಹೀನವಾದುದು. ತಾಯಿತಂದೆಗಳು ಬೇರೆ ಬೇರೆ ಕುಲಕ್ಕೆ ಸೇರಿದವುಗಳಾದುದರಿಂದ ಸಹಜವಾಗಿ ಕೂಡುವುದು ವಿರಳ. ಕೃತಕ ಗರ್ಭಧಾರಣೆಯ ಕ್ರಮವು ಬಳಕೆಗೆ ಬಂದ ಅನಂತರವೇ ಮ್ಯುಲಾರ್ ಮರಿಗಳು ಲಕ್ಷಗಟ್ಟಲೆಯಾಗಿ ದೊರೆಯತೊಡಗಿದವು. ಇಂದು ಫ್ರಾನ್ಸಿನಲ್ಲಿ ತಯಾರಾಗುವ ಫ್ವಾ ಗ್ರಾದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೇಲ್ಪಟ್ಟ ಪಾಲು ಬಾತುಕೋಳಿಯದೇ. ಪ್ರಯೋಗಶಾಲೆಯ ಒಂದು ಉಪಾಯವು ಇಡೀ ದೇಶದ ಹಬ್ಬದ ತಟ್ಟೆಯನ್ನು ಬದಲಾಯಿಸಿದುದಕ್ಕೆ ಇದು ನಿದರ್ಶನ.

ಕರಗುವ ಕೊಬ್ಬು, ಕರಗುವ ಬೆಲೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟಿ ಮೇಲೆ ದ್ರವವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬಾತಿನ ಕೊಬ್ಬೂ ಹೀಗೆಯೇ. ಆದರೆ ಅದು ಹಲವು ಬಗೆಯ ಕೊಬ್ಬುಗಳ ಮಿಶ್ರಣವಾದುದರಿಂದ ಮಂಜುಗಡ್ಡೆಯಂತೆ ಒಂದೇ ನಿಶ್ಚಿತ ಬಿಂದುವಿನಲ್ಲಿ ಕರಗದೆ ಮೆಲ್ಲಮೆಲ್ಲನೆ ಮೆತುವಾಗುತ್ತ ಹೋಗುತ್ತದೆ. ಹಕ್ಕಿಯ ಮೈಯ ಉಷ್ಣತೆ 41 ಡಿಗ್ರಿಯ ಸುಮಾರಿಗಿರುತ್ತದೆ. ಆ ಉಷ್ಣತೆಯಲ್ಲಿ ಕೊಬ್ಬು ದ್ರವರೂಪದಲ್ಲಿಯೇ ಇರುತ್ತದೆ. ಆದುದರಿಂದ ಆಗತಾನೆ ಹೊರತೆಗೆದ ಯಕೃತ್ತು ಬೆರಳು ತಗುಲಿದರೆ ಗಾಯಗೊಳ್ಳುವಷ್ಟು ಕೋಮಲ. ಅದನ್ನು ತಣ್ಣಗೆ ಮಾಡಿ ಗಟ್ಟಿಗೊಳಿಸುವ ಕ್ರಮ ಎಷ್ಟು ಚೆನ್ನಾಗಿ ನಡೆಯಿತೆಂಬುದರ ಮೇಲೆಯೇ ಸಂತೆಯಲ್ಲಿ ಅದಕ್ಕೆ ಬರುವ ಮರ್ಯಾದೆ ನಿಂತಿದೆ.

ಕೊಬ್ಬು ಯಕೃತ್ತಿನಲ್ಲಿ ಸುಮ್ಮನೆ ತುಂಬಿಕೊಂಡಿರುವುದಿಲ್ಲ. ಜೀವಕೋಶಗಳ ಒಳಗೆ ಸಣ್ಣ ಸಣ್ಣ ಹನಿಗಳಾಗಿ ನಿಂತಿರುತ್ತದೆ. ಕೋಶದ ಪೊರೆಯು ಚೀಲದಂತೆ. ಬೇಯಿಸುವಾಗ ಕೆಲವು ಚೀಲಗಳು ಒಡೆದು ಕೊಬ್ಬು ಹೊರಕ್ಕೆ ಹರಿಯುತ್ತದೆ. ಯಕೃತ್ತು ಅತಿಯಾಗಿ ಬೆಳೆದಿದ್ದರೆ ಚೀಲಗಳು ಬಿರಿಯುವ ಮಟ್ಟಕ್ಕೆ ತುಂಬಿರುತ್ತವೆ. ಒಲೆಯ ಮೇಲಿಟ್ಟೊಡನೆ ಹೆಚ್ಚು ಪಾಲು ಎಣ್ಣೆಯಾಗಿ ಇಳಿದುಹೋಗಿ, ಪಾತ್ರೆಯಲ್ಲಿ ಉಳಿಯುವ ಗಟ್ಟಿ ಪದಾರ್ಥ ಬಹಳ ಕಡಿಮೆಯಾಗುತ್ತದೆ. ಹೀಗೆ ಇಳಿದುಹೋಗುವ ಪ್ರಮಾಣಕ್ಕೆ ಫ್ರೆಂಚ್ ವ್ಯಾಪಾರಿಗಳು 'ಫೋಂತ್' ಎನ್ನುತ್ತಾರೆ. ನಾವು ಕರಗುನಷ್ಟ ಎನ್ನೋಣ.

ಇದರ ಪರಿಣಾಮವನ್ನು ಅಂಕಗಳಲ್ಲಿ ನೋಡುವುದು ಉತ್ತಮ. ಈ ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾನೇ ಕಲ್ಪಿಸಿಕೊಂಡವು, ಪೇಟೆಯ ಧಾರಣೆಗಳಲ್ಲ. ಬೆಂದು ಉಳಿದ ಗಟ್ಟಿ ಪದಾರ್ಥಕ್ಕೆ ಕಿಲೋಗ್ರಾಮಿಗೆ 50 ಯೂರೋ ಬೆಲೆಯೆಂದೂ, ಇಳಿದ ಎಣ್ಣೆಗೆ ಬೆಲೆಯೇ ಇಲ್ಲವೆಂದೂ ಭಾವಿಸಿ. ಮೊದಲನೆಯ ಯಕೃತ್ತು 500 ಗ್ರಾಂ, ಕರಗುನಷ್ಟ ಶೇಕಡ 15. ಉಳಿಯುವುದು 425 ಗ್ರಾಂ. ಅದರ ಬೆಲೆ 21 ಯೂರೋ 25 ಸೆಂಟ್. ಎರಡನೆಯದು 800 ಗ್ರಾಂ, ಕರಗುನಷ್ಟ ಶೇಕಡ 35. ಉಳಿಯುವುದು 520 ಗ್ರಾಂ. ಬೆಲೆ 26 ಯೂರೋ. ಹಸಿಯ ತೂಕದ ಮೇಲೆ ಲೆಕ್ಕ ಹಾಕಿದರೆ ಜಾಣನಾದ ಗಿರಾಕಿಯು ಮೊದಲನೆಯದಕ್ಕೆ ಕಿಲೋಗ್ರಾಮಿಗೆ 42.50 ಯೂರೋ ಕೊಡಬಹುದು, ಎರಡನೆಯದಕ್ಕೆ ಕೇವಲ 32.50.

ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಎರಡನೆಯ ಯಕೃತ್ತು ಒಟ್ಟಿನಲ್ಲಿ ಹೆಚ್ಚು ಹಣವನ್ನೇನೋ ತಂದಿತು. ಆದರೆ ಹೆಚ್ಚಾಗಿ ಬೆಳೆಸಿದ 300 ಗ್ರಾಮಿಗೆ ರೈತನಿಗೆ ದೊರೆತದ್ದು 4 ಯೂರೋ 75 ಸೆಂಟ್ ಮಾತ್ರ. ಎಂದರೆ ಕಿಲೋಗ್ರಾಮಿಗೆ 16 ಯೂರೋಗೂ ಕಡಿಮೆ. ಸರಾಸರಿ ಬೆಲೆ ಬೇರೆ, ಕೊನೆಯ ತುತ್ತಿನಿಂದ ಬಂದ ಬೆಲೆ ಬೇರೆ. ಆ ಕೊನೆಯ ತುತ್ತುಗಳ ಜೋಳದ ಖರ್ಚೂ ದುಡಿಮೆಯೂ ಹಕ್ಕಿ ಸಾಯುವ ಅಪಾಯವೂ ಸೇರಿದರೆ ಲಾಭವೆಲ್ಲಿ ನಿಲ್ಲುತ್ತದೆಂಬುದು ಸ್ಪಷ್ಟವಾಗುತ್ತದೆ. ಚಲನಕಲನವನ್ನು ಓದಿದ ವಿದ್ಯಾರ್ಥಿಗಳು ಇದನ್ನು ಕೂಡಲೇ ಗುರುತಿಸುವರು: ರೈತನು ನೋಡಬೇಕಾದುದು ಬೆಲೆಯ ರೇಖೆಯ ಎತ್ತರವನ್ನಲ್ಲ, ಅದರ ಇಳಿಜಾರನ್ನು. ಎರಡನೆಯ ಯಕೃತ್ತಿನ ಕರಗುನಷ್ಟ ಶೇಕಡ 50 ಆದರೆ ಏನಾಗುವುದೆಂದು ವಾಚಕರು ತಾವೇ ಲೆಕ್ಕಮಾಡಿ ನೋಡಬಹುದು. 800 ಗ್ರಾಮಿನದು 500 ಗ್ರಾಮಿನದಕ್ಕಿಂತ ಅಗ್ಗವಾಗಿಬಿಡುತ್ತದೆ.

ತೊಂದರೆಯೆಂದರೆ ಕರಗುನಷ್ಟವು ಕಣ್ಣಿಗೆ ಕಾಣುವ ಗುಣವಲ್ಲ. ಬೇಯಿಸಿದ ಮೇಲೆಯೇ ಅದು ಗೊತ್ತಾಗುವುದು. ಬೆಲೆಯನ್ನಾದರೋ ಬೇಯಿಸುವ ಮುನ್ನ ಕೊಡಬೇಕು. ಆದುದರಿಂದಲೇ ಸಂತೆಯಲ್ಲಿ ಆ ಬೆರಳೊತ್ತುವಿಕೆ. ತೂಕ, ಬಣ್ಣ, ಬಿಗುವು, ರಕ್ತದ ಕಲೆಗಳ ಅಭಾವ ಇವೆಲ್ಲ ಒಳಗಿನ ಗುಣಕ್ಕೆ ಹೊರಗಿನ ಸಾಕ್ಷಿಗಳು. ಸಗಟು ವ್ಯಾಪಾರದಲ್ಲಿ ಇವುಗಳ ಆಧಾರದ ಮೇಲೆ ಯಕೃತ್ತುಗಳನ್ನು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮಧ್ಯಮ ತೂಕದ, ಕಲೆಯಿಲ್ಲದ, ಬಿಗಿಯಾದ ಮಾಲಿಗೆ ಮೊದಲನೆಯ ದರ್ಜೆ. ಬೆಳಕಿನ ಅತಿರಕ್ತ ಕಿರಣಗಳನ್ನು ಹಾಯಿಸಿ, ಪ್ರತಿಫಲಿಸಿದ ಬೆಳಕಿನ ರೋಹಿತದಿಂದ ಕರಗುನಷ್ಟವನ್ನು ಮುಂಚಿತವಾಗಿ ಊಹಿಸುವ ಪ್ರಯೋಗಗಳನ್ನೂ ಫ್ರಾನ್ಸಿನ ವಿಜ್ಞಾನಿಗಳು ನಡೆಸಿದ್ದಾರೆ. ಆದರೂ ಹಳೆಯ ವ್ಯಾಪಾರಿಯ ಹೆಬ್ಬೆರಳು ಇನ್ನೂ ಕೆಲಸ ಕಳೆದುಕೊಂಡಿಲ್ಲ.

ಒಳ್ಳೆಯದನ್ನೂ ಕೆಟ್ಟದನ್ನೂ ಗಿರಾಕಿ ಗುರುತಿಸಲಾರದ ಪೇಟೆಯಲ್ಲಿ ಒಳ್ಳೆಯ ಮಾಲು ಉಳಿಯುವುದು ಕಷ್ಟ. ಅದನ್ನು ತಪ್ಪಿಸಲು ಕಾನೂನು ಕೈಹಾಕಬೇಕಾಯಿತು. ಯುರೋಪಿನ ಒಕ್ಕೂಟದ ನಿಯಮದಂತೆ ಬಾತಿನ ಯಕೃತ್ತು ಕನಿಷ್ಠ 300 ಗ್ರಾಂ, ಹೆಬ್ಬಾತಿನದು 400 ಗ್ರಾಂ ತೂಗದಿದ್ದರೆ ಫ್ವಾ ಗ್ರಾ ಎಂಬ ಹೆಸರಿಗೆ ಅರ್ಹವಲ್ಲ. ಡಬ್ಬಿಯಲ್ಲಿ ಬರುವ ಮಾಲಿನ ಹೆಸರುಗಳನ್ನು ಫ್ರಾನ್ಸಿನ 1993ರ ಆಜ್ಞೆಯೊಂದು ನಿಷ್ಕರ್ಷೆಮಾಡಿದೆ. ಇಡಿಯ ಹಾಳೆಗಳಿಂದಲೇ ಆದದ್ದು 'ಆಂತಿಯೇ', ಅದೇ ಅತ್ಯಂತ ದುಬಾರಿ. ಬೇರೆ ಬೇರೆ ಯಕೃತ್ತುಗಳ ತುಂಡುಗಳನ್ನು ಕೂಡಿಸಿದ್ದು ಬರಿಯ 'ಫ್ವಾ ಗ್ರಾ'. ನುಣ್ಣಗೆ ಅರೆದು, ನೀರಿನೊಡನೆ ಮೊಸರು ಕಡೆದಂತೆ ಕಡೆದು, ಕೊಬ್ಬಿನ ಹನಿಗಳು ಒಂದಾಗದಂತೆ ಹಿಡಿದು ಕಟ್ಟಿದ್ದು 'ಬ್ಲಾಕ್'. ಇದಕ್ಕೂ ಕೆಳಗೆ ಫ್ವಾ ಗ್ರಾ ಅಂಶವು ಶೇಕಡ 75 ಇರುವ 'ಪಾರ್ಫೆ', ಶೇಕಡ 50 ಇರುವ 'ಮೂಸ್' ಮುಂತಾದುವು ಬರುತ್ತವೆ. ಕರಗಿಹೋಗಬಹುದಾಗಿದ್ದ ಯಕೃತ್ತಿಗೆ ಬ್ಲಾಕಿನಲ್ಲಿ ಒಂದು ಗತಿಯುಂಟು. ಕೆಳದರ್ಜೆಯ ಮಾಲಿನ ಧಾರಣೆ ತೀರ ನೆಲಕಚ್ಚದಿರುವುದಕ್ಕೆ ಇದೂ ಒಂದು ಕಾರಣ.

ಒಂದು ಹಕ್ಕಿ, ಹಲವು ಸರಕು

ಯಕೃತ್ತಿಗಾಗಿಯೇ ಸಾಕಿದರೂ ಹಕ್ಕಿಯಲ್ಲಿ ಯಕೃತ್ತೊಂದೇ ಇರುವುದಿಲ್ಲ. ಅದರ ಎದೆಯ ಮಾಂಸಕ್ಕೆ 'ಮಾಗ್ರೆ' ಎಂದು ಹೆಸರು. ಓಶ್ ಪಟ್ಟಣದ ಆಂದ್ರೆ ದಾಗಾಂ ಎಂಬ ಪಾಕಪ್ರವೀಣರು 1959ರ ಸುಮಾರಿಗೆ ಇದನ್ನು ಗೋಮಾಂಸದ ತುಂಡಿನಂತೆ ಸುಟ್ಟು ಬಡಿಸಿ ಪ್ರಸಿದ್ಧಿಗೆ ತಂದರು. ಅದಕ್ಕೆ ಮುಂಚೆ ಎದೆಯ ಮಾಂಸವನ್ನು ಕಾಲಿನ ಮಾಂಸದೊಡನೆ ಕೊಬ್ಬಿನಲ್ಲಿಯೇ ಬೇಯಿಸಿ ಕೂಡಿಡುವುದು ರೂಢಿಯಾಗಿತ್ತು. ಯಕೃತ್ತಿಗಾಗಿ ಕೊಬ್ಬಿಸಿದ ಹಕ್ಕಿಯ ಎದೆಗಲ್ಲದೆ ಬೇರೆಯದಕ್ಕೆ ಮಾಗ್ರೆ ಎಂಬ ಹೆಸರನ್ನು ನಿಯಮವು ಒಪ್ಪುವುದಿಲ್ಲ. ಆದುದರಿಂದ ಈ ಎರಡು ಸರಕುಗಳ ಸರಬರಾಯಿಯು ಒಂದಕ್ಕೊಂದು ಕಟ್ಟಿಹಾಕಿದಂತಿದೆ. ಯಕೃತ್ತು ಬೇಕೆಂದು ಹಕ್ಕಿಗಳನ್ನು ಹೆಚ್ಚಿಸಿದರೆ ಪೇಟೆಗೆ ಮಾಗ್ರೆಯೂ ತಾನಾಗಿ ಬಂದು ಬೀಳುತ್ತದೆ. ಒಂದು ಹಕ್ಕಿಯ ಖರ್ಚಿನಲ್ಲಿ ಯಕೃತ್ತಿನ ಪಾಲೆಷ್ಟು, ಎದೆಯ ಪಾಲೆಷ್ಟು ಎಂದು ಯಾವ ಲೆಕ್ಕಿಗನೂ ನ್ಯಾಯವಾಗಿ ಹಂಚಲಾರ. ಎಲ್ಲ ಸೇರಿ ಹಕ್ಕಿಯ ಖರ್ಚು ಹುಟ್ಟಬೇಕು, ಅಷ್ಟೆ. ಎಳ್ಳಿನ ಎಣ್ಣೆಗೂ ಹಿಂಡಿಗೂ ಇರುವ ಸಂಬಂಧ ಇಂಥದೇ. ಮಾಗ್ರೆಯನ್ನು ಜನ ಬೇಸಗೆಯಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆ, ಯಕೃತ್ತನ್ನು ಚಳಿಗಾಲದಲ್ಲಿ. ರೈತರ ಪಾಲಿಗೆ ಇದೊಂದು ಅನುಕೂಲ.

ಕಾಲದ ಕಟ್ಟು

ಬೇಡಿಕೆಯ ಸ್ವರೂಪವೇ ಈ ವ್ಯಾಪಾರದ ದೊಡ್ಡ ಕಷ್ಟ. ಫ್ರಾನ್ಸಿನ ಮನೆಗಳಲ್ಲಿ ಫ್ವಾ ಗ್ರಾ ಎಂದರೆ ಕ್ರಿಸ್ಮಸ್ ಮತ್ತು ಹೊಸವರ್ಷದ ಊಟ. ವರ್ಷದ ಮಾರಾಟದ ಬಹುಭಾಗ ಕೊನೆಯ ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ. ಹಕ್ಕಿಗೆ ಹಬ್ಬದ ದಿನ ಗೊತ್ತಿಲ್ಲ. ಮೊಟ್ಟೆಯೊಡೆಯಲು ತಿಂಗಳಿಗೂ ಕೊಂಚ ಹೆಚ್ಚು, ಸಾಕಣೆಗೆ ಸುಮಾರು 12 ವಾರ, ಅನಂತರ ದಿನಕ್ಕೆ ಎರಡು ಬಾರಿಯಂತೆ 10ರಿಂದ 12 ದಿನ ಬಲವಂತದ ಊಟ. ಒಟ್ಟು ನಾಲ್ಕು ತಿಂಗಳಿಗೂ ಮೇಲಾಯಿತು. ಡಿಸೆಂಬರ್ 10ಕ್ಕೆ ಯಕೃತ್ತು ಬೇಕಾದರೆ ಮೊಟ್ಟೆಯು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಕಾವುಪೆಟ್ಟಿಗೆಯನ್ನು ಸೇರಿರಬೇಕು. ಆ ಮೊಟ್ಟೆಯಿಡುವ ತಾಯಿಹಕ್ಕಿಯನ್ನು ಬೆಳೆಸುವ ಕಾಲವನ್ನೂ ಸೇರಿಸಿದರೆ ಹತ್ತಿರ ಹತ್ತಿರ ಒಂದು ವರ್ಷ. ಎಂದರೆ ಈ ಹಬ್ಬದ ಧಾರಣೆಯನ್ನು ನೋಡಿ ಹಕ್ಕಿಗಳನ್ನು ಹೆಚ್ಚಿಸಹೊರಟವನ ಮಾಲು ಪೇಟೆಗೆ ಬರುವುದು ಮುಂದಿನ ಹಬ್ಬಕ್ಕೆ. ಎಲ್ಲರೂ ಹಾಗೆಯೇ ಮಾಡಿದರೆ ಮಾಲು ಉಕ್ಕಿ ಧಾರಣೆ ಬೀಳುತ್ತದೆ. ಬಿದ್ದುದನ್ನು ಕಂಡು ಎಲ್ಲರೂ ಕಡಮೆಮಾಡಿದರೆ ಮತ್ತೆ ಏರುತ್ತದೆ. ಪ್ರತಿಕ್ರಿಯೆ ತಡವಾಗಿ ಬರುವ ಯಾವ ವ್ಯವಸ್ಥೆಯಾದರೂ ತೂಗಾಡುತ್ತದೆಂಬುದು ಭೌತಶಾಸ್ತ್ರದಲ್ಲಿ ನಾವು ಕಲಿಯುವ ಪಾಠ.

ಈ ತೂಗಾಟವನ್ನು ತಗ್ಗಿಸುವುದು ದಾಸ್ತಾನು. ನಿಕೊಲಾ ಆಪೇರ್ ಎಂಬಾತನು 1810ರಲ್ಲಿ ಪ್ರಕಟಿಸಿದ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆಹಾರವನ್ನು ಕೆಡದಂತಿಡುವ ವಿಧಾನವು ಈ ವ್ಯಾಪಾರಕ್ಕೆ ಹೊಸ ಜೀವ ಕೊಟ್ಟಿತು. 100 ಡಿಗ್ರಿಗೆ ಮೀರಿದ ಉಷ್ಣತೆಯಲ್ಲಿ ಕಾಯಿಸಿ ಮುಚ್ಚಿದ ಡಬ್ಬಿಯ ಮಾಲು ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಅರೆಬೇಯಿಸಿದ್ದು ರುಚಿಯಲ್ಲಿ ಮೇಲಾದರೂ ಶೀತಪೆಟ್ಟಿಗೆಯಲ್ಲಿ ಕೆಲವು ವಾರ ಅಥವಾ ತಿಂಗಳು ಮಾತ್ರ ಬಾಳುತ್ತದೆ. ಹಸಿಯದು ಕೆಲವೇ ದಿನ. ದಾಸ್ತಾನು ಸಾಧ್ಯವಾದಲ್ಲಿ, ಡಿಸೆಂಬರಿನ ಧಾರಣೆಯು ಜೂನಿನ ಧಾರಣೆಗಿಂತ ಎಷ್ಟು ಮೇಲೇರಬಹುದೆಂಬುದಕ್ಕೆ ಒಂದು ಮಿತಿಯುಂಟು: ಇಡುವ ಖರ್ಚು ಮತ್ತು ಹೂಡಿದ ಹಣದ ಬಡ್ಡಿ. ಅದಕ್ಕೂ ಮೇಲೇರುವ ಸೂಚನೆ ಕಂಡರೆ ಜೂನಿನಲ್ಲಿಯೇ ಕೊಂಡು ಇಡುವವರು ಹುಟ್ಟಿಕೊಳ್ಳುತ್ತಾರೆ. ಆದರೆ ಈ ನಿಯಮಕ್ಕೆ ಒಂದೇ ದಿಕ್ಕು. ಮಾಲನ್ನು ಇಂದಿನಿಂದ ನಾಳೆಗೆ ಸಾಗಿಸಬಹುದು. ನಾಳಿನ ಮಾಲನ್ನು ಇಂದಿಗೆ ಎರವಲು ತರಲಾಗದು. ಉಗ್ರಾಣ ಬರಿದಾದ ಮೇಲೆ ಧಾರಣೆಗೆ ಹಿಡಿತವಿರುವುದಿಲ್ಲ.

ಧಾರಣೆಯ ವರ್ತಮಾನವನ್ನು ಹರಡುವುದಕ್ಕೆ ಫ್ರಾನ್ಸಿನಲ್ಲಿ 'ಮಾರುಕಟ್ಟೆ ವಾರ್ತಾ ಜಾಲ'ವೆಂಬ ಸರ್ಕಾರಿ ವ್ಯವಸ್ಥೆಯಿದೆ. ಪ್ಯಾರಿಸ್ಸಿನ ದಕ್ಷಿಣಕ್ಕಿರುವ ರುಂಜಿಸ್ ಸಗಟು ಮಾರುಕಟ್ಟೆ ಮುಂತಾದ ಕಡೆಗಳ ಧಾರಣೆಗಳನ್ನು ಅದು ದರ್ಜೆವಾರು ಪ್ರಕಟಿಸುತ್ತದೆ. ನಗರದ ನಡುವಿದ್ದ ಹಳೆಯ ಮಾರುಕಟ್ಟೆಯು 1969ರಲ್ಲಿ ರುಂಜಿಸ್ಸಿಗೆ ಬಂದಿತು. ಆದರೆ ಹಕ್ಕಿಗಳಲ್ಲಿ ಹೆಚ್ಚಿನವು ತೆರೆದ ಪೇಟೆಗೆ ಬರುವುದೇ ಇಲ್ಲ. ಮರಿ ಮಾಡಿಸುವವರು, ಸಾಕುವವರು, ಉಣಿಸುವವರು ಬೇರೆ ಬೇರೆಯಾಗಿದ್ದು, ದೊಡ್ಡ ಸಹಕಾರ ಸಂಘಗಳೊಡನೆ ಕರಾರಿನಿಂದ ಬದ್ಧರಾಗಿರುತ್ತಾರೆ. ಸಂಘಗಳ ಕಾರ್ಖಾನೆಗಳು ದೊಡ್ಡ ಅಂಗಡಿಗಳೊಡನೆ ವರ್ಷಕ್ಕೊಮ್ಮೆ ಧಾರಣೆಯನ್ನು ಗೊತ್ತುಮಾಡಿಕೊಳ್ಳುತ್ತವೆ. ಸಾಮಾನ್ಯವಾಗಿ ಈ ಮಾತುಕತೆ ಮಾರ್ಚ್ 1ರೊಳಗೆ ಮುಗಿಯಬೇಕೆಂಬುದು ಅಲ್ಲಿಯ ಕಾನೂನು. ಹೀಗಾಗಿ ಜೋಳದ ಬೆಲೆ ನಡುವೆ ಏರಿದರೆ ಹೊಡೆತ ಮೊದಲು ಬೀಳುವುದು ಹಳ್ಳಿಯ ಮೇಲೆ. 2022ರ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿ ಯುದ್ಧ ಹೊತ್ತಿ ಜೋಳದ ಬೆಲೆ ಏರಿದಾಗ ಈ ಸಂಗತಿ ಎಲ್ಲರಿಗೂ ಮನದಟ್ಟಾಯಿತು. ಕಚ್ಚಾ ಪದಾರ್ಥದ ಬೆಲೆಗನುಸಾರವಾಗಿ ಕರಾರನ್ನು ತಿದ್ದುವ ಏರ್ಪಾಡನ್ನು 2021ರ ಅಕ್ಟೋಬರಿನ ಕಾನೂನೊಂದು ಅದಾಗಲೇ ಕಡ್ಡಾಯಗೊಳಿಸಿತ್ತು.

ಇನ್ನು ಅಂಗಡಿಯ ತುದಿಯಲ್ಲಿ ಬೇರೆ ಬಗೆಯ ಆಟ. ಹಬ್ಬದ ಗಿರಾಕಿಯನ್ನು ಒಳಕ್ಕೆ ಸೆಳೆಯಲು ದೊಡ್ಡ ಅಂಗಡಿಗಳು ಫ್ವಾ ಗ್ರಾವನ್ನು ಅಗ್ಗಕ್ಕೆ ಮಾರುವುದುಂಟು. ನಷ್ಟವನ್ನು ಬೇರೆ ಸರಕಿನಲ್ಲಿ ತುಂಬಿಕೊಳ್ಳುತ್ತವೆ. 2018ರ ಕಾನೂನಿನ ಮೇರೆಗೆ ಆಹಾರಪದಾರ್ಥಗಳ ಸೋಡಿಗೆ ಮಿತಿ ಹಾಕಲಾಯಿತು: ಬೆಲೆಯಲ್ಲಿ ಶೇಕಡ 34ಕ್ಕೂ, ಪರಿಮಾಣದಲ್ಲಿ ಶೇಕಡ 25ಕ್ಕೂ ಮೀರಕೂಡದು. ರೈತನ ಹಿತಕ್ಕಾಗಿ ಮಾಡಿದ ಈ ನಿಯಮವೇ ಹಬ್ಬದ ಸರಕುಗಳಿಗೆ ತೊಡಕಾಯಿತೆಂದು ತಯಾರಕರು ದೂರಿದರು. ವರ್ಷದ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು 12 ವಾರಗಳೊಳಗೆ ಆಗುವ ಸರಕುಗಳಿಗೆ ಪರಿಮಾಣದ ಮಿತಿಯಿಂದ ವಿನಾಯಿತಿ ಕೊಡಲು 2020ರ ಡಿಸೆಂಬರಿನಲ್ಲಿ ಅವಕಾಶ ಕಲ್ಪಿಸಿದರು.

ರೋಗದ ಪರೀಕ್ಷೆ

ಮೇಲೆ ಹೇಳಿದ ಕಾಲವಿಳಂಬವು ಎಂಥ ಪರಿಣಾಮವನ್ನುಂಟುಮಾಡಬಲ್ಲುದೆಂಬುದು ಹಕ್ಕಿಜ್ವರದ ವರ್ಷಗಳಲ್ಲಿ ಪ್ರತ್ಯಕ್ಷವಾಯಿತು. 2015ರ ಕೊನೆಯಲ್ಲಿ ನೈರುತ್ಯ ಫ್ರಾನ್ಸಿನಲ್ಲಿ ರೋಗ ಕಾಣಿಸಿಕೊಂಡಿತು. 2016ರ ವಸಂತದಲ್ಲಿ ಆ ಪ್ರಾಂತದ ಸಾಕಣೆಯ ಮನೆಗಳನ್ನೆಲ್ಲ ಕೆಲವು ವಾರ ಬರಿದುಮಾಡಿ ತೊಳೆದರು. ಚಳಿಗಾಲಕ್ಕೆ ರೋಗ ಬೇರೊಂದು ರೂಪದಲ್ಲಿ ಮರಳಿತು. 2020-21ರಲ್ಲಿ ಮತ್ತೆ ಬಂದಿತು. 2021-22ರ ದಾಳಿ ಎಲ್ಲಕ್ಕಿಂತ ಘೋರವಾದುದು: 1,300ಕ್ಕೂ ಹೆಚ್ಚು ಸಾಕಣೆಯ ಕೇಂದ್ರಗಳಲ್ಲಿ ರೋಗ ಕಂಡುಬಂದು, 2 ಕೋಟಿಗೂ ಮೇಲ್ಪಟ್ಟು ಕೋಳಿ ಬಾತುಗಳನ್ನು ಕೊಲ್ಲಬೇಕಾಯಿತು.

ಸಂಖ್ಯೆಗಿಂತ ಸ್ಥಳವೇ ಇಲ್ಲಿ ಮುಖ್ಯ. ಹಿಂದಿನ ವರ್ಷಗಳಲ್ಲಿ ರೋಗವು ಉಣಿಸುವ ಪ್ರಾಂತವಾದ ನೈರುತ್ಯದಲ್ಲಿ ಪ್ರಬಲವಾಗಿತ್ತು. ಅಲ್ಲಿ ಸತ್ತ ಹಕ್ಕಿಗಳ ಸ್ಥಾನವನ್ನು ಹೊಸ ಮರಿಗಳಿಂದ ನಾಲ್ಕು ತಿಂಗಳಲ್ಲಿ ತುಂಬಬಹುದಾಗಿತ್ತು. 2022ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಅದು ಪಶ್ಚಿಮದ ವಾಂದೇ ಪ್ರದೇಶಕ್ಕೆ ಹರಡಿತು. ಮೊಟ್ಟೆಯಿಡುವ ತಾಯಿಹಕ್ಕಿಗಳೂ ಮರಿಮಾಡುವ ಕೇಂದ್ರಗಳೂ ಕೂಡಿದ್ದುದು ಆ ಕಡೆಯಲ್ಲಿಯೇ. ಬೆಳೆ ಹಾಳಾದರೆ ಒಂದು ಸುಗ್ಗಿ ಹೋಯಿತು. ಬಿತ್ತನೆಯ ಬೀಜವೇ ಹಾಳಾದರೆ? ರೋಗ ತಾಗದ ನೈರುತ್ಯದ ರೈತನ ಕೊಟ್ಟಿಗೆಯೂ ಮರಿಯಿಲ್ಲದೆ ಖಾಲಿ ನಿಂತಿತು. ಉಣಿಸುವ ಕೌಶಲವಿದೆ, ಜೋಳವಿದೆ, ಸಾಲದ ಕಂತಿದೆ, ಹಕ್ಕಿ ಮಾತ್ರವಿಲ್ಲ. ಯಕೃತ್ತು ಸಣ್ಣದೂ ರಕ್ತನಾಳಗಳಿಂದ ಕೂಡಿದ್ದೂ ಆಗಿರುವುದರಿಂದ ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದ ಹೆಣ್ಣು ಮ್ಯುಲಾರುಗಳನ್ನೂ ಆ ವರ್ಷ ಕೆಲವರು ಉಣಿಸಿದರು. ಹಬ್ಬದ ಹೊತ್ತಿಗೆ ಮಾಲು ಕಡಿಮೆ, ಧಾರಣೆ ಹೆಚ್ಚು. ಆದರೆ ಧಾರಣೆ ಏರಿತೆಂದು ರೈತರೆಲ್ಲ ಸಂತೋಷಪಟ್ಟರೆನ್ನುವಂತಿಲ್ಲ. ಏರಿದ ಬೆಲೆಗೆ ಮಾರಲು ಕೈಯಲ್ಲಿ ಮಾಲಿದ್ದವರಿಗೆ ಮಾತ್ರ ಅದು ಲಾಭ. ಪತ್ರಿಕೆಗಳಲ್ಲಿ ಧಾರಣೆಯನ್ನು ಮಾತ್ರ ಓದುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

2023ರ ಅಕ್ಟೋಬರ್ ಮೊದಲ ವಾರದಲ್ಲಿ ಫ್ರಾನ್ಸ್ ತನ್ನ ಬಾತುಕೋಳಿಗಳಿಗೆ ಚುಚ್ಚುಮದ್ದು ಹಾಕಲು ತೊಡಗಿತು. ಮೊದಲ ವರ್ಷದ ಖರ್ಚಿನಲ್ಲಿ ಶೇಕಡ 85ರಷ್ಟನ್ನು ಸರ್ಕಾರವೇ ಹೊತ್ತಿತು. ಎರಡನೆಯ ವರ್ಷ ಆ ಪಾಲನ್ನು ಶೇಕಡ 70ಕ್ಕೆ ಇಳಿಸಿತು. ಫಲ ಕಣ್ಣಿಗೆ ಕಾಣುವಂತಿತ್ತು: 2023-24ರ ಋತುವಿನಲ್ಲಿ ರೋಗ ಕಂಡ ಸಾಕಣೆಯ ಕೇಂದ್ರಗಳು ಸುಮಾರು 10. ಆದರೆ ಚುಚ್ಚುಮದ್ದಿನ ಮರೆಯಲ್ಲಿ ರೋಗಾಣು ಅಡಗಿರಬಹುದೆಂಬ ಭಯದಿಂದ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡ ದೇಶಗಳು ಫ್ರಾನ್ಸಿನ ಕೋಳಿ ಬಾತುಗಳ ಮಾಲಿಗೆ ನಿರ್ಬಂಧ ಹಾಕಿದುವು. ಅಮೆರಿಕ ಸಂಯುಕ್ತ ಸಂಸ್ಥಾನವು 2025ರ ಜನವರಿಯಲ್ಲಿ ಅದನ್ನು ತೆಗೆಯಿತು.

ಧಾರಣೆಯಲ್ಲಿ ಸೇರದ ಲೆಕ್ಕ

ಚುಚ್ಚುಮದ್ದಿನ ಹಣವನ್ನು ಸರ್ಕಾರ ಕೊಟ್ಟರೆ ಅದು ಡಬ್ಬಿಯ ಮೇಲಿನ ಬೆಲೆಯಲ್ಲಿ ಕಾಣದು. ಫ್ವಾ ಗ್ರಾ ತಿನ್ನದ ಪ್ರಜೆಯೂ ಅದಕ್ಕೆ ಪಾಲುದಾರ. ಬೆಲೆಯಲ್ಲಿ ಕಾಣದ ಇನ್ನೊಂದು ಲೆಕ್ಕ ಹಕ್ಕಿಯದು. ಕೊಳವೆಯನ್ನು ಗಂಟಲಿಗಿಳಿಸಿ ಉಣಿಸುವ ಈ ಕ್ರಮವು ಹಕ್ಕಿಯ ಕ್ಷೇಮಕ್ಕೆ ಹಾನಿಕರವೆಂದು ಯುರೋಪಿನ ಒಕ್ಕೂಟದ ವಿಜ್ಞಾನಿಗಳ ಸಮಿತಿಯು 1998ರ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಉಣಿಸುವುದನ್ನು ನಿಲ್ಲಿಸಿದರೆ ಯಕೃತ್ತು ಕ್ರಮೇಣ ಮೊದಲಿನ ಸ್ಥಿತಿಗೆ ಬರುವುದೆಂಬುದನ್ನು ತಯಾರಕರು ಎತ್ತಿ ತೋರಿಸುತ್ತಾರೆ. ಅದು ನಿಜವೇ, ಆದರೆ ಹಾಗೆ ಮರಳುವ ಅವಕಾಶ ಯಾವ ಹಕ್ಕಿಗೂ ದೊರೆಯುವುದಿಲ್ಲವೆಂಬುದೂ ನಿಜ. ಒಂದೊಂದು ಹಕ್ಕಿಯನ್ನು ಅಲುಗಾಡಲಾರದಂತೆ ಕೂಡುತ್ತಿದ್ದ ಒಂಟಿ ಪಂಜರಗಳನ್ನು ಫ್ರಾನ್ಸ್ 2015ರ ಕೊನೆಯ ಹೊತ್ತಿಗೆ ಬಿಡಬೇಕಾಯಿತು. ಗುಂಪುಪಂಜರಗಳಿಗೆ ತಗುಲಿದ ಬಂಡವಾಳವು ಧಾರಣೆಯೊಳಗೆ ಸೇರಿತು. ಹಿಂದೆ ಹಕ್ಕಿಯೊಂದೇ ತೆರುತ್ತಿದ್ದ ಬೆಲೆಯ ಒಂದಂಶ ಹೀಗೆ ರೂಪಾಯಿ ಕಾಸಿನ ಲೆಕ್ಕಕ್ಕೆ ಬಂದಂತಾಯಿತು.

ದೇಶಗಳು ಈ ವಿಷಯದಲ್ಲಿ ಒಂದೊಂದು ದಾರಿ ಹಿಡಿದಿವೆ. ಫ್ರಾನ್ಸಿನ 2006ರ ಶಾಸನವು ಫ್ವಾ ಗ್ರಾವನ್ನು ರಾಷ್ಟ್ರದ ಸಂಸ್ಕೃತಿ ಮತ್ತು ಪಾಕಪರಂಪರೆಯ ರಕ್ಷಿತ ಭಾಗವೆಂದು ಸಾರಿದೆ. ಬಲವಂತವಾಗಿ ಉಣಿಸಿ ಪಡೆದದ್ದೇ ಫ್ವಾ ಗ್ರಾ ಎಂಬ ವ್ಯಾಖ್ಯೆಯೂ ಅದರಲ್ಲಿಯೇ ಇದೆ. ಹಂಗೆರಿ ಬಲ್ಗೇರಿಯಗಳಲ್ಲಿಯೂ ಚೀನದಲ್ಲಿಯೂ ತಯಾರಿಕೆ ನಡೆಯುತ್ತಿದೆ. ಇಸ್ರೇಲಿನಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯದ 2003ರ ತೀರ್ಪಿನ ಫಲವಾಗಿ ತಯಾರಿಕೆ ನಿಂತಿತು. ಕ್ಯಾಲಿಫೋರ್ನಿಯ ಸಂಸ್ಥಾನವು 2004ರಲ್ಲಿ ಮಾಡಿದ ನಿಷೇಧವನ್ನು 2012ರ ಜುಲೈ 1ರಿಂದ ಆಚರಣೆಗೆ ತಂದಿತು. ಅದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಭಾರತದಲ್ಲಿ ಇದರ ತಯಾರಿಕೆ ಎಂದೂ ಬೇರೂರಲಿಲ್ಲ. ಕೇರಳ, ಬಂಗಾಳ, ಅಸ್ಸಾಮುಗಳಲ್ಲಿ ಬಾತು ಸಾಕುವವರು ಮೊಟ್ಟೆಗೂ ಮಾಂಸಕ್ಕೂ ಸಾಕುತ್ತಾರೆ; ಗದ್ದೆಯಲ್ಲಿ ಮೇದು ಬರುವ ಆ ಹಕ್ಕಿಗಳ ಯಕೃತ್ತು ಸಹಜ ಗಾತ್ರದ್ದೇ. ದೊಡ್ಡ ಹೋಟೆಲುಗಳಿಗೆ ಹೊರಗಿನಿಂದ ಬರುತ್ತಿದ್ದ ಅಲ್ಪಸ್ವಲ್ಪ ಫ್ವಾ ಗ್ರಾದ ಆಮದನ್ನು 2014ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆಯು ಪ್ರಕಟಣೆ ಹೊರಡಿಸಿ ನಿಷೇಧಿಸಿತು. ಆದುದರಿಂದ ಸಮತಾನಿನ ಸಂತೆಯಲ್ಲಿ ಸಿಳ್ಳು ಊದಿ ಕೇಳುವ ಧಾರಣೆಗೆ ಜೋಡಿಯಾಗಿ ನಿಲ್ಲಿಸಿ ನೋಡುವಂಥ ಅಂಕಿ ನಮ್ಮ ಪೇಟೆಗಳ ಧಾರಣೆಪಟ್ಟಿಯಲ್ಲಿ ದೊರೆಯುವುದಿಲ್ಲ.